ಶಾಂತಿಪಾಲನಾ ಪಡೆಯ ಮೂಲ ಯುದ್ಧಕಾಲದ ಮಾತುಕತೆಗಳಲ್ಲೇ ಇತ್ತೇ?

ಡೊಂಬಿವಲಿ ಓದುಗ:

ಎಲ್ಲರಿಗೂ ನಮಸ್ಕಾರ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ ಮಿತ್ರರಾಷ್ಟ್ರಗಳು ನಡೆಸಿದ ಮಾತುಕತೆಗಳಿಂದ ವಿಶ್ವಸಂಸ್ಥೆಯೂ ಅದರ ಶಾಂತಿಪಾಲನಾ ಪಡೆಗಳೂ ಹೇಗೆ ರೂಪುಗೊಂಡವು ಎಂಬುದನ್ನು ಕುರಿತು ನಮ್ಮ ಕನ್ನಡ ಓದುಗರ ಬಳಗದ ಮುಂದಿನ ಸಭೆಯಲ್ಲಿ ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಘಟನೆಗಳ ಕ್ರಮ ನನಗೆ ತಿಳಿದಿದೆ. 1941ರ ಆಗಸ್ಟ್‌ನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಯುದ್ಧನೌಕೆಗಳ ಮೇಲೆ ಭೇಟಿಯಾಗಿ ಅಟ್ಲಾಂಟಿಕ್ ಸನ್ನದನ್ನು ಹೊರಡಿಸಿದರು. 1942ರ ಜನವರಿ 1ರಂದು ವಾಷಿಂಗ್ಟನ್‌ನಲ್ಲಿ, ಒಟ್ಟಾಗಿ ಹೋರಾಡುತ್ತೇವೆಂಬ 26 ರಾಷ್ಟ್ರಗಳ ಘೋಷಣೆ ಹೊರಬಂತು. ಮಾಸ್ಕೋ, ಡಂಬಾರ್ಟನ್ ಓಕ್ಸ್, ಯಾಲ್ಟಾ ಸಭೆಗಳನ್ನು ದಾಟಿ 1945ರ ಜೂನ್ 26ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 50 ರಾಷ್ಟ್ರಗಳು ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದವು.

ತೊಡಕಿರುವುದು ಇಲ್ಲಿಂದ ಮುಂದೆ. ನೀಲಿ ಶಿರಸ್ತ್ರಾಣ ಧರಿಸಿದ ಪಡೆ ಮೊದಲು ಕಾಣಿಸಿಕೊಂಡದ್ದು 1956ರಲ್ಲಿ, ಸೂಯೆಜ್ ಬಿಕ್ಕಟ್ಟಿನ ಸಮಯದಲ್ಲಿ. ಸನ್ನದನ್ನು ಓದಿದರೆ ಅಂಥ ಪಡೆಗೆಂದೇ ಬರೆದ ವಿಧಿ ಒಂದೂ ಸಿಗುವುದಿಲ್ಲ. ಹಾಗಾದರೆ ಯುದ್ಧಕಾಲದ ನಾಯಕರು ಯೋಜಿಸಿದ್ದು ಏನನ್ನು, ಕೊನೆಗೆ ನಮಗೆ ದೊರೆತದ್ದು ಏನು? ಎರಡನೆಯದಾಗಿ, 1942ರ ಘೋಷಣೆಗೂ 1945ರ ಸನ್ನದಿಗೂ ಭಾರತದ ಹೆಸರಿನಲ್ಲಿ ಸಹಿ ಬಿದ್ದಿದೆ. ಸ್ವಾತಂತ್ರ್ಯವಿಲ್ಲದ ದೇಶದ ಸಹಿಗೆ ಎಷ್ಟು ಬೆಲೆ ಕಟ್ಟಬೇಕು? ನಮ್ಮ ಬಳಗದಲ್ಲಿ ಹಿರಿಯರು ಬಹಳ ಮಂದಿ. ಪ್ರಶ್ನೆ ಕೇಳದೆ ಬಿಡುವವರಲ್ಲ. ತಿಳಿದವರು ದಯವಿಟ್ಟು ಬರೆಯಿರಿ.

ಮಾಟುಂಗಾ ಮೇಷ್ಟ್ರು:

ಓದುಗರೇ, ಯುದ್ಧಕಾಲದಲ್ಲಿ ಯೋಜಿಸಿದ ಪಡೆ ಹುಟ್ಟಲೇ ಇಲ್ಲ, ಆಮೇಲೆ ಹುಟ್ಟಿದ ಪಡೆಯನ್ನು ಯಾರೂ ಮೊದಲೇ ಯೋಜಿಸಿರಲಿಲ್ಲ ಎಂಬುದು ನನ್ನ ತಿಳಿವಳಿಕೆ. ನಿಮ್ಮ ಭಾಷಣವನ್ನು ಈ ಅಂತರದ ಮೇಲೆ ಕಟ್ಟಿದರೆ ಇಸವಿಗಳ ಪಟ್ಟಿ ಓದುವ ಕಷ್ಟ ತಪ್ಪುತ್ತದೆ.

ಮೊದಲ ಮಹಾಯುದ್ಧದ ನಂತರ ಶಾಂತಿ ಕಾಯಲೆಂದು ಹುಟ್ಟಿದ ಲೀಗ್ ಆಫ್ ನೇಷನ್ಸ್ ಸೋತದ್ದೇಕೆ ಎಂಬ ಪ್ರಶ್ನೆಗೆ ರೂಸ್‌ವೆಲ್ಟ್ ಕಂಡುಕೊಂಡ ಉತ್ತರ ಸರಳವಾಗಿತ್ತು: ಅದರ ಕೈಯಲ್ಲಿ ಬಲವಿರಲಿಲ್ಲ. 1931ರಲ್ಲಿ ಜಪಾನ್ ಮಂಚೂರಿಯಾವನ್ನು ನುಂಗಿದಾಗಲೂ 1935ರಲ್ಲಿ ಇಟಲಿ ಅಬಿಸೀನಿಯಾದ ಮೇಲೆ ಎರಗಿದಾಗಲೂ ಲೀಗ್ ಏನನ್ನೂ ತಡೆಯಲಾಗಲಿಲ್ಲ. ಆದ್ದರಿಂದ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಮತ್ತು ಚೀನಾ ಎಂಬ ನಾಲ್ವರು ಪೊಲೀಸರು ಜಗತ್ತನ್ನು ಕಾಯಬೇಕು ಎಂಬ ಕಲ್ಪನೆಯನ್ನು ಆತ 1943ರ ನವೆಂಬರ್ ಕೊನೆಯಲ್ಲಿ ಟೆಹರಾನ್‌ನಲ್ಲಿ ಸ್ಟಾಲಿನ್ ಮುಂದಿಟ್ಟ. ಅದಕ್ಕೆ ತುಸು ಮೊದಲು, ಅಕ್ಟೋಬರ್ 30ರ ಮಾಸ್ಕೋ ಘೋಷಣೆಯಲ್ಲಿ ಇದೇ ನಾಲ್ಕು ದೇಶಗಳು ಒಂದು ಅಂತರರಾಷ್ಟ್ರೀಯ ಸಂಸ್ಥೆ ಬೇಕೆಂದು ಒಪ್ಪಿದ್ದವು. 1944ರ ಆಗಸ್ಟ್ 21ರಿಂದ ಅಕ್ಟೋಬರ್ 7ರವರೆಗೆ ವಾಷಿಂಗ್ಟನ್‌ನ ಡಂಬಾರ್ಟನ್ ಓಕ್ಸ್ ಬಂಗಲೆಯಲ್ಲಿ ಕರಡು ಸಿದ್ಧವಾಯಿತು. ಸೋವಿಯತ್ ಒಕ್ಕೂಟ ಆಗಿನ್ನೂ ಜಪಾನಿನ ವಿರುದ್ಧ ಯುದ್ಧ ಸಾರಿರಲಿಲ್ಲವಾದ್ದರಿಂದ ಅದರ ಪ್ರತಿನಿಧಿಗಳು ಚೀನಾದವರೊಡನೆ ಒಂದೇ ಮೇಜಿಗೆ ಕೂರಲು ಒಪ್ಪಲಿಲ್ಲ. ಸೋವಿಯತ್ ನಿಯೋಗ ಎದ್ದುಹೋದ ಮೇಲೆ ಚೀನಾದವರೊಡನೆ ಎರಡನೆಯ ಸುತ್ತು ನಡೆಯಿತು. ಶಾಂತಿಯ ಸಂಸ್ಥೆಯನ್ನು ಕಟ್ಟುವ ಸಭೆಯೇ ಹೀಗೆ ಎರಡು ಪಂಕ್ತಿಯಲ್ಲಿ ಮುಗಿಯಿತು.

ಸ್ಯಾನ್‌ಫ್ರಾನ್ಸಿಸ್ಕೊಗೆ ಬಂದಾಗ ಸಣ್ಣ ರಾಷ್ಟ್ರಗಳು ಸಿಡಿದೆದ್ದವು. ಯಾಲ್ಟಾದಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಮೂವರೂ ಒಪ್ಪಿಕೊಂಡು ಬಂದಿದ್ದ ವಿಟೋ ಸೂತ್ರವನ್ನು, ಅಂದರೆ ಭದ್ರತಾ ಮಂಡಳಿಯ ಯಾವುದೇ ಕಾಯಂ ಸದಸ್ಯ ಒಬ್ಬನೇ ನಿರ್ಣಯವನ್ನು ತಡೆಯಬಲ್ಲ ಹಕ್ಕನ್ನು, ಆಸ್ಟ್ರೇಲಿಯಾದ ವಿದೇಶಾಂಗ ಸಚಿವ ಎವಟ್ ಮುಂದೆ ನಿಂತು ವಿರೋಧಿಸಿದ. ಆಗ ಅಮೆರಿಕದ ಸೆನೆಟರ್ ಟಾಮ್ ಕಾನಲಿ ಎದ್ದು ನಿಂತು, ವಿಟೋ ಬೇಡವೆಂದರೆ ಸನ್ನದನ್ನೇ ಹರಿದು ಹಾಕಿ ಬಂದೆವೆಂದು ನಿಮ್ಮ ನಿಮ್ಮ ಊರಿಗೆ ಹೋಗಿ ಹೇಳಿಕೊಳ್ಳಿ ಎಂಬರ್ಥದ ಮಾತಾಡುತ್ತಾ, ಕೈಯಲ್ಲಿದ್ದ ಕರಡನ್ನು ಎಲ್ಲರ ಕಣ್ಣೆದುರಿಗೇ ಹರಿದು ಮೇಜಿನ ಮೇಲೆ ಎಸೆದ. ವಿಟೋ ಉಳಿಯಿತು. ಅದರ ಜೊತೆಗೆ 43ನೆಯ ವಿಧಿಯೂ ಸೇರಿತು. ಅದರ ಪ್ರಕಾರ ಸದಸ್ಯ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು ಭದ್ರತಾ ಮಂಡಳಿಯ ಆಜ್ಞೆಗೆ ತಮ್ಮ ಸೇನೆಯನ್ನು ಒದಗಿಸಬೇಕಿತ್ತು. ಆ ಸೇನೆಗೆ ಐದು ಕಾಯಂ ಸದಸ್ಯರ, ಅಂದರೆ ಆ ನಾಲ್ವರು ಪೊಲೀಸರು ಮತ್ತು ಫ್ರಾನ್ಸಿನ, ಸೇನಾ ಮುಖ್ಯಸ್ಥರ ಸಮಿತಿ ಮಾರ್ಗದರ್ಶನ ನೀಡಬೇಕಿತ್ತು. ಯಾರು ಎಷ್ಟು ಸೈನ್ಯ ಕೊಡಬೇಕು, ಅದನ್ನು ಎಲ್ಲಿ ಇರಿಸಬೇಕು ಎಂಬ ಬಗ್ಗೆ 1947ರ ಹೊತ್ತಿಗೇ ಆ ಸಮಿತಿಯಲ್ಲಿ ಒಮ್ಮತ ಮುರಿದುಬಿತ್ತು. ಆ ವಿಧಿಯ ಅಡಿಯಲ್ಲಿ ಇಂದಿನವರೆಗೆ ಒಂದು ಒಪ್ಪಂದವೂ ಆಗಿಲ್ಲ.

ಭಾರತದ ಸಹಿಯ ವಿಚಾರ. 1942ರಲ್ಲಿ ಸಹಿ ಹಾಕಿದವರು ವಾಷಿಂಗ್ಟನ್‌ನಲ್ಲಿ ಬ್ರಿಟಿಷ್ ಭಾರತದ ಏಜೆಂಟ್ ಜನರಲ್ ಆಗಿದ್ದ ಗಿರಿಜಾಶಂಕರ ಬಾಜಪೇಯಿ. 1945ರಲ್ಲಿ ನಿಯೋಗದ ನೇತೃತ್ವ ವಹಿಸಿದ್ದವರು ಎ. ರಾಮಸ್ವಾಮಿ ಮುದಲಿಯಾರ್, ಮರುವರ್ಷ ಅವರೇ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾದರು, ಅದೇ 1946ರಲ್ಲಿ ನಮ್ಮ ಮೈಸೂರಿನ ದಿವಾನರೂ ಆದರು. ನಿಯೋಗವನ್ನು ಆರಿಸಿದ್ದು ಬ್ರಿಟಿಷ್ ಸರ್ಕಾರವಾದ್ದರಿಂದ ಅದು ಭಾರತೀಯರ ಪ್ರತಿನಿಧಿಯಲ್ಲವೆಂದು ವಿಜಯಲಕ್ಷ್ಮಿ ಪಂಡಿತ್ ಅದೇ ಊರಿನಲ್ಲಿ ಇದ್ದು ಸಭಾಂಗಣದ ಹೊರಗಿನಿಂದ ಪ್ರಚಾರ ಮಾಡಿದರು. ಜನರಿಗೆ ತಮ್ಮ ಆಡಳಿತವನ್ನು ತಾವೇ ಆರಿಸಿಕೊಳ್ಳುವ ಹಕ್ಕಿದೆ ಎಂದು ಅಟ್ಲಾಂಟಿಕ್ ಸನ್ನದಿನ ಮೂರನೆಯ ಅಂಶ ಸಾರಿದ್ದರೂ, 1941ರ ಸೆಪ್ಟೆಂಬರ್ 9ರಂದು ಚರ್ಚಿಲ್ ಪಾರ್ಲಿಮೆಂಟಿನಲ್ಲಿ ನಿಂತು ಅದು ನಾಜಿಗಳ ಹಿಡಿತದಲ್ಲಿರುವ ಯುರೋಪಿನ ಮಾತು, ಭಾರತ ಮತ್ತು ಬರ್ಮಾಗಳಿಗೆ ಸಂಬಂಧಿಸಿದ್ದಲ್ಲ ಎಂದು ತಿಳಿಸಿಬಿಟ್ಟಿದ್ದ.

ನೀವು ಮುಂಬಯಿ ಕಡೆಯವರಾಗಿ ಬಿಡಲೇಬಾರದ ಒಂದು ದಾಖಲೆಯಿದೆ. 1942ರ ಆಗಸ್ಟ್ 8ರಂದು ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಅಂಗೀಕಾರವಾದ ಕ್ವಿಟ್ ಇಂಡಿಯಾ ನಿರ್ಣಯವನ್ನು ಪೂರ್ತಿಯಾಗಿ ಓದಿ. ನಮಗೆ ನೆನಪಿರುವುದು ಅದರ ಘೋಷಣೆ ಮಾತ್ರ. ನಿರ್ಣಯದ ಒಳಗೆ, ಸ್ವತಂತ್ರ ರಾಷ್ಟ್ರಗಳ ಜಾಗತಿಕ ಒಕ್ಕೂಟವೊಂದು ಬೇಕು, ಅದು ಸ್ಥಾಪನೆಯಾದರೆ ನಿಶ್ಶಸ್ತ್ರೀಕರಣ ಸಾಧ್ಯವಾಗುತ್ತದೆ, ಒಕ್ಕೂಟದ ರಕ್ಷಣಾ ಪಡೆಯು ಜಗತ್ತಿನ ಶಾಂತಿಯನ್ನು ಕಾದು ಆಕ್ರಮಣವನ್ನು ತಡೆಯುತ್ತದೆ, ಸ್ವತಂತ್ರ ಭಾರತ ಅದನ್ನು ಸಂತೋಷದಿಂದ ಸೇರುತ್ತದೆ ಎಂದು ಸ್ಪಷ್ಟವಾಗಿ ಬರೆದಿದೆ. ಡಂಬಾರ್ಟನ್ ಓಕ್ಸ್ ಸಭೆ ಸೇರಲು ಆಗಿನ್ನೂ ಎರಡು ವರ್ಷ ಬಾಕಿಯಿತ್ತು. ಮರುದಿನ ಬೆಳಗಾಗುವುದರೊಳಗೆ ಅದನ್ನು ಅಂಗೀಕರಿಸಿದ ನಾಯಕರು ಬಂಧನದಲ್ಲಿದ್ದರು. ಸಹಿಯ ಬೆಲೆಯನ್ನು ಕುರಿತು ನಿಮ್ಮ ಹಿರಿಯರು ಕೇಳಿದರೆ, ವಾಷಿಂಗ್ಟನ್ನಿನ ಸಹಿಯ ಪಕ್ಕದಲ್ಲಿ ಈ ನಿರ್ಣಯವನ್ನಿಟ್ಟು ತೋರಿಸಿ.

ವಾಸ್ಕೋವಾಸಿ:

ಮೇಷ್ಟ್ರು ದೊಡ್ಡ ಸಭೆಗಳ ಕಥೆಯನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಆದರೆ ಯುದ್ಧಕಾಲದ ರಾಜತಾಂತ್ರಿಕತೆ ಎಂದರೆ ಮಿತ್ರರಾಷ್ಟ್ರಗಳು ತಮ್ಮತಮ್ಮಲ್ಲೇ ನಡೆಸಿದ ಮಾತುಕತೆ ಮಾತ್ರವೇ? ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದವರ ನಡುವೆಯೂ ಮಾತುಕತೆ ನಡೆದಿತ್ತು, ಅದರ ಒಂದು ಅಧ್ಯಾಯ ನಾನು ದಿನವೂ ಹಾದುಹೋಗುವ ಮರ್ಮಗೋವಾ ಬಂದರಿನಲ್ಲಿ ಮುಗಿಯಿತು.

1943ರ ಅಕ್ಟೋಬರ್‌ನಲ್ಲಿ ಎರಡು ಹಡಗುಗಳು ಇಲ್ಲಿ ಬಂದು ನಿಂತವು. ಜಪಾನಿನ ತೇಯಾ ಮಾರು ಹಡಗಿನಲ್ಲಿ ಪೂರ್ವ ಏಷ್ಯಾದಲ್ಲಿ ಸಿಕ್ಕಿಬಿದ್ದಿದ್ದ ಅಮೆರಿಕ, ಕೆನಡಾ ಮೊದಲಾದ ದೇಶಗಳ ನಾಗರಿಕರಿದ್ದರು. ಸ್ವೀಡನ್ನಿನ ಗ್ರಿಪ್ಸ್‌ಹೋಮ್ ಹಡಗಿನಲ್ಲಿ ಅಮೆರಿಕ ಖಂಡಗಳಿಂದ ಕರೆತಂದ ಜಪಾನೀಯರಿದ್ದರು. ಒಂದೊಂದು ಕಡೆಯೂ ಸುಮಾರು 1,500 ಮಂದಿ. ತಲೆಗೆ ತಲೆ ಎಂಬ ಲೆಕ್ಕದಲ್ಲಿ ಅದಲುಬದಲು ನಡೆಯಿತು. ಎರಡೂ ಕಡೆಯವರು ಸಾಲುಗಟ್ಟಿ ಒಂದು ಹಡಗಿನಿಂದ ಇಳಿದು ಇನ್ನೊಂದನ್ನು ಹತ್ತಿದರು. ಕೈದಿಗಳಿಗೆಂದು ತಂದಿದ್ದ ರೆಡ್‌ಕ್ರಾಸ್‌ನ ಔಷಧಿ, ಆಹಾರದ ಪೆಟ್ಟಿಗೆಗಳನ್ನೂ ಜಪಾನಿನ ಹಡಗಿಗೆ ಸಾಗಿಸಲಾಯಿತು. ಜಲಾಂತರ್ಗಾಮಿಗಳಿಗೆ ಹೆದರಿ ಉಳಿದ ಹಡಗುಗಳೆಲ್ಲ ದೀಪ ಆರಿಸಿ ಸಾಗುತ್ತಿದ್ದ ಆ ಕಾಲದಲ್ಲಿ ಗ್ರಿಪ್ಸ್‌ಹೋಮ್ ರಾತ್ರಿಯಿಡೀ ದೀಪ ಉರಿಸಿಕೊಂಡು, ಪಕ್ಕೆಯ ಮೇಲೆ ‘ಡಿಪ್ಲೊಮ್ಯಾಟ್’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿಕೊಂಡು ಬಂದಿತ್ತು.

ಇದರ ಹಿಂದಿನ ವ್ಯವಸ್ಥೆಯನ್ನು ಗಮನಿಸಿ. ವಾಷಿಂಗ್ಟನ್ ಮತ್ತು ಟೋಕಿಯೊ ನೇರವಾಗಿ ಮಾತನಾಡುವಂತಿರಲಿಲ್ಲ. ಜಪಾನಿನಲ್ಲಿ ಅಮೆರಿಕದ ಹಿತವನ್ನು ಸ್ವಿಟ್ಜರ್ಲೆಂಡ್ ನೋಡಿಕೊಳ್ಳುತ್ತಿತ್ತು, ಅಮೆರಿಕದಲ್ಲಿ ಜಪಾನಿನ ಹಿತವನ್ನು ಸ್ಪೇನ್ ನೋಡಿಕೊಳ್ಳುತ್ತಿತ್ತು, ಹಡಗು ಸ್ವೀಡನ್ನಿನದು, ಬಂದರು ಪೋರ್ಚುಗಲ್ಲಿನದು. ತಟಸ್ಥರು ನಡುವೆ ನಿಂತು, ಇಬ್ಬರ ಒಪ್ಪಿಗೆ ಪಡೆದು, ಗುಂಡು ಹಾರಿಸದೆ ಕೆಲಸ ಮುಗಿಸಿದರು. 1956ರ ಪಡೆಯ ಲಕ್ಷಣ ಇದೇ ಅಲ್ಲವೇ? ಹಾಗೆಂದು ತಟಸ್ಥತೆ ಬಹಳ ಪವಿತ್ರವಾಗಿತ್ತೆಂದು ನಾನು ಹೇಳುತ್ತಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಇದೇ ಬಂದರಿನಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಎಹ್ರೆನ್‌ಫೆಲ್ಸ್ ಹಡಗಿನ ಮೇಲೆ ಬ್ರಿಟಿಷರು ಕಲ್ಕತ್ತೆಯಿಂದ ಮಧ್ಯವಯಸ್ಕ ಸ್ವಯಂಸೇವಕರನ್ನು ಗುಟ್ಟಾಗಿ ಕಳುಹಿಸಿ ದಾಳಿ ಮಾಡಿಸಿದ್ದರು.

ಮಾಟುಂಗಾ ಮೇಷ್ಟ್ರು:

ವಾಸ್ಕೋದವರೇ, ಮರ್ಮಗೋವಾದ ಪ್ರಸಂಗ ಸೊಗಸಾಗಿದೆ, ಆದರೆ ಅದರಿಂದ ನೇರವಾಗಿ ಸೂಯೆಜ್‌ಗೆ ಗೆರೆ ಎಳೆಯಲು ನಾನು ಹಿಂಜರಿಯುತ್ತೇನೆ. ಕೈದಿಗಳ ವಿನಿಮಯ ಬಹಳ ಹಳೆಯ ಪದ್ಧತಿ. ಅದರಲ್ಲಿ ಯಾವ ಜಾಗತಿಕ ಸಂಸ್ಥೆಯ ಅಧಿಕಾರವೂ ಇರಲಿಲ್ಲ. ಒಪ್ಪಿಗೆಯ ಮೇಲೆ ನಿಂತ ಪಡೆಗೆ ಹಿಂದಿನ ನಿದರ್ಶನ ಬೇಕೆಂದರೆ ಸಾರ್ ಪ್ರಾಂತ್ಯವನ್ನು ನೋಡಬೇಕು. ಆ ಪ್ರಾಂತ್ಯ ಜರ್ಮನಿಗೆ ಸೇರಬೇಕೇ ಎಂಬ ಬಗ್ಗೆ 1935ರ ಜನವರಿ 13ರಂದು ಜನಮತಗಣನೆ ನಡೆದಾಗ, ಬ್ರಿಟನ್, ಇಟಲಿ, ಸ್ವೀಡನ್ ಮತ್ತು ನೆದರ್ಲೆಂಡ್ಸ್‌ಗಳ ಸುಮಾರು 3,300 ಸೈನಿಕರು ಲೀಗ್ ಹೆಸರಿನಲ್ಲಿ ಅಲ್ಲಿದ್ದು ಶಾಂತಿ ಕಾದರು. ಫ್ರಾನ್ಸ್ ಮತ್ತು ಜರ್ಮನಿ, ಅಂದರೆ ವ್ಯಾಜ್ಯದ ಎರಡೂ ಪಕ್ಷಗಳು, ಅದಕ್ಕೆ ಒಪ್ಪಿದ್ದವು. ಬಲವಿಲ್ಲದ್ದೆಂದು ಎಲ್ಲರೂ ಹೀಗಳೆದ ಲೀಗ್ ಈ ಒಂದು ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಡಂಬಾರ್ಟನ್ ಓಕ್ಸ್‌ನಲ್ಲಿ ಕುಳಿತವರು ಲೀಗಿನ ಸೋಲುಗಳಿಂದ ಪಾಠ ಕಲಿತರೇ ಹೊರತು ಅದರ ಈ ಗೆಲುವಿನಿಂದ ಕಲಿಯಲಿಲ್ಲ.

ಖಡಕಿ ನಿವೃತ್ತ:

ನಾನು ಪುಣೆಯಲ್ಲಿ ಸೇನೆಯ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದವನು, ಇತಿಹಾಸದ ಪಂಡಿತನಲ್ಲ. ಆದರೂ ಓದುಗರು ಹೇಳಿದ ಆ ಹನ್ನೊಂದು ವರ್ಷಗಳ ಅಂತರವನ್ನು ತುಂಬುವ ಸಂಗತಿಗಳಲ್ಲಿ ನಮ್ಮವರ ಪಾಲು ದೊಡ್ಡದು ಎಂಬುದನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಬಂದದ್ದು ವೀಕ್ಷಕರು. 1948ರ ಮೇ ತಿಂಗಳಲ್ಲಿ ಪ್ಯಾಲೆಸ್ಟೈನಿನ ಕದನವಿರಾಮವನ್ನು ನೋಡಿಕೊಳ್ಳಲು, 1949ರ ಜನವರಿಯಲ್ಲಿ ಕಾಶ್ಮೀರಕ್ಕೆ, ಶಸ್ತ್ರವಿಲ್ಲದ ಸೇನಾಧಿಕಾರಿಗಳನ್ನು ಕಳುಹಿಸಲಾಯಿತು. ಪ್ಯಾಲೆಸ್ಟೈನಿನ ಸಂಧಾನಕಾರ ಬರ್ನಾಡಾಟ್ 1948ರ ಸೆಪ್ಟೆಂಬರ್ 17ರಂದು ಜೆರುಸಲೇಮಿನಲ್ಲಿ ಕೊಲೆಯಾದ. ಅವನ ಕೆಲಸವನ್ನು ರಾಲ್ಫ್ ಬಂಚ್ ಮುಂದುವರಿಸಿದ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗರಾಯರು. ಸೋವಿಯತ್ ಪ್ರತಿನಿಧಿ ಸಭೆಗಳನ್ನು ಬಹಿಷ್ಕರಿಸಿ ಹೊರಗಿದ್ದರಿಂದ ವಿಟೋ ಬೀಳಲಿಲ್ಲ, ದಕ್ಷಿಣ ಕೊರಿಯಾಕ್ಕೆ ನೆರವಾಗುವ ನಿರ್ಣಯ ಪಾಸಾಯಿತು. ಮೇಷ್ಟ್ರು ಹೇಳಿದ ಬಲಪ್ರಯೋಗದ ಮಾದರಿ ಹೀಗೆ ಆಕಸ್ಮಿಕವಾಗಿ ಒಮ್ಮೆ ನಡೆದುಬಿಟ್ಟಿತು, ಆದರೆ ಅದು ಅಮೆರಿಕದ ಮುಂದಾಳತ್ವದ ಯುದ್ಧವಾಗಿತ್ತು.

ನಾನು ಹೆಚ್ಚು ಬೆಲೆ ಕೊಡುವುದು ಆ ಯುದ್ಧ ನಿಂತ ಬಗೆಗೆ. ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳನ್ನು ಏನು ಮಾಡಬೇಕು ಎಂಬ ಒಂದೇ ಪ್ರಶ್ನೆಯ ಮೇಲೆ ಕದನವಿರಾಮದ ಮಾತುಕತೆ ಒಂದು ವರ್ಷಕ್ಕೂ ಮಿಕ್ಕಿ ನಿಂತುಹೋಗಿತ್ತು. 1953ರಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತವಿದ್ದ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು; ಅದರ ಅಧ್ಯಕ್ಷರು ಕೊಡಗಿನ ಜನರಲ್ ತಿಮ್ಮಯ್ಯನವರು. ಕೈದಿಗಳನ್ನು ಕಾಯಲು ಕೊಲ್ಹಾಪುರ ಕಡೆಯ ಮೇಜರ್ ಜನರಲ್ ಥೋರಾಟರ ಕೈಕೆಳಗೆ ಭಾರತದ ಸೈನಿಕರು ಹೋದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ತನ್ನ ನೆಲದ ಮೇಲೆ ಭಾರತೀಯ ಸೈನಿಕರು ಕಾಲಿಡಕೂಡದೆಂದು ಹಟ ಹಿಡಿದಿದ್ದರಿಂದ ನಮ್ಮವರನ್ನು ಇಂಚೋನ್ ಬಂದರಿನಲ್ಲಿ ಹಡಗಿನಿಂದಲೇ ಹೆಲಿಕಾಪ್ಟರ್‌ಗಳಿಗೆ ಹತ್ತಿಸಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು, ಅದರಲ್ಲಿ ಬಹುಪಾಲು ಚೀನಾದವರು, ನಮ್ಮವರ ಕಾವಲಿಗೆ ಬಂದರು. ಒಮ್ಮೆ ಕೈದಿಗಳು ಭಾರತೀಯ ಮೇಜರ್ ಒಬ್ಬರನ್ನು ಆವರಣದೊಳಗೆ ಎಳೆದೊಯ್ದು ಹಿಡಿದಿಟ್ಟಾಗ, ಥೋರಾಟರು ತಾವೇ ಒಳಗೆ ನಡೆದುಹೋಗಿ, ಗುಂಡು ಹಾರಿಸದೆ ಮಾತಿನಿಂದಲೇ ಅವರನ್ನು ಬಿಡಿಸಿ ತಂದರು. ಬಂದೂಕು ಕೈಯಲ್ಲಿದ್ದೂ ಬಳಸದೆ ಇರುವುದಕ್ಕೆ ಬೇರೆಯದೇ ಧೈರ್ಯ ಬೇಕು.

ಮೂರು ವರ್ಷಗಳ ನಂತರ ಸೂಯೆಜ್. ಬ್ರಿಟನ್ ಮತ್ತು ಫ್ರಾನ್ಸ್ ಈಜಿಪ್ಟಿನ ಮೇಲೆ ತಾವೇ ದಾಳಿಕೋರರಾಗಿ ಭದ್ರತಾ ಮಂಡಳಿಯಲ್ಲಿ ವಿಟೋ ಹಾಕಿದ್ದರಿಂದ ವಿಷಯ ಮಹಾಸಭೆಗೆ ಹೋಯಿತು. ಕೆನಡಾದ ವಿದೇಶಾಂಗ ಸಚಿವ ಲೆಸ್ಟರ್ ಪಿಯರ್ಸನ್ ಸಲಹೆಯ ಮೇಲೆ ಮಹಾಕಾರ್ಯದರ್ಶಿ ಹ್ಯಾಮರ್‌ಶೋಲ್ಡ್ ಕೆಲವೇ ದಿನಗಳಲ್ಲಿ ಪಡೆಯೊಂದನ್ನು ಕಟ್ಟಿದರು. ಐದು ದೊಡ್ಡ ರಾಷ್ಟ್ರಗಳ ಸೈನಿಕರನ್ನು ಅದರಿಂದ ಹೊರಗಿಟ್ಟರು, ಭಾರತವೂ ಸೇರಿದಂತೆ ಹತ್ತು ದೇಶಗಳವರನ್ನು ತೆಗೆದುಕೊಂಡರು. ಅಂದರೆ ರೂಸ್‌ವೆಲ್ಟನ ಪೊಲೀಸರಿಗೇ ಅಲ್ಲಿ ಪ್ರವೇಶವಿರಲಿಲ್ಲ! ಪಿಯರ್ಸನ್ ಕಳುಹಿಸಲು ಹೊರಟಿದ್ದ ಕೆನಡಾದ ‘ಕ್ವೀನ್ಸ್ ಓನ್ ರೈಫಲ್ಸ್’ ದಳದ ಹೆಸರೂ ಸಮವಸ್ತ್ರವೂ ಬ್ರಿಟಿಷರದ್ದನ್ನೇ ಹೋಲುತ್ತವೆಂದು ಈಜಿಪ್ಟ್ ಆಕ್ಷೇಪಿಸಿತು. ದೂರದಿಂದಲೇ ಗುರುತು ಸಿಗುವ ಟೋಪಿ ಬೇಕೆನಿಸಿದಾಗ, ನೀಲಿ ಬೆರೆ ಟೋಪಿ ಹೊಲಿಸಲು ಸಮಯವಿಲ್ಲದೆ, ಯುರೋಪಿನಲ್ಲಿ ದಾಸ್ತಾನಿದ್ದ ಅಮೆರಿಕನ್ ಹೆಲ್ಮೆಟ್ಟುಗಳ ಒಳಚಿಪ್ಪುಗಳಿಗೆ ನೀಲಿ ಬಣ್ಣ ಸಿಂಪಡಿಸಿ ತರಿಸಿದರು. ಸರ್ಕಾರಿ ಉಗ್ರಾಣದ ವ್ಯವಹಾರ ಬಲ್ಲ ನನಗೆ ಈ ಜಾಣತನ ಬಹಳ ಮೆಚ್ಚುಗೆಯಾಯಿತು.

ಇನ್ನೊಂದು ಮಾತು, ವಿಷಯಕ್ಕೆ ತುಸು ಪಕ್ಕದ್ದಾದರೂ. ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮುಖ್ಯ ಕಟ್ಟಡಕ್ಕೆ ಸುಡಾನ್ ಬ್ಲಾಕ್ ಎಂದು ಹೆಸರು. ಪೂರ್ವ ಆಫ್ರಿಕಾದ ಯುದ್ಧದಲ್ಲಿ ಇಟಲಿಯಿಂದ ಸುಡಾನನ್ನು ಉಳಿಸಿದ ಭಾರತೀಯ ಸೈನಿಕರ ನೆನಪಿಗೆ ಅಲ್ಲಿನ ಸರ್ಕಾರ 1941ರಲ್ಲಿ ಒಂದು ಲಕ್ಷ ಪೌಂಡ್ ಕೊಟ್ಟಿತ್ತು. ದೇಶ ವಿಭಜನೆಯ ನಂತರ ಭಾರತದ ಪಾಲಿಗೆ ಬಂದ 70,000 ಪೌಂಡ್ ಇದಕ್ಕೆ ಬಳಕೆಯಾಯಿತು. ಬ್ರಿಟಿಷರ ಕೈಕೆಳಗೆ ದೂರದೇಶಗಳಲ್ಲಿ ಹೋರಾಡಿದ ಆ ಸೇನೆಯ ಅನುಭವವೇ, ಕೊರಿಯಾಕ್ಕೂ, ಸೂಯೆಜ್ ಪಡೆ ನೆಲೆನಿಂತ ಗಾಜಾಕ್ಕೂ ಅಷ್ಟು ಬೇಗ ದಳಗಳನ್ನು ಕಳುಹಿಸಲು ನಮಗೆ ಸಾಧ್ಯವಾಗಿಸಿದ್ದು. ಸಹಿಯ ಬೆಲೆ ಕೇಳುವ ಹಿರಿಯರಿಗೆ ಇದನ್ನೂ ಹೇಳಬಹುದು.

ಡೊಂಬಿವಲಿ ಓದುಗ:

ಎಲ್ಲರಿಗೂ ಕೃತಜ್ಞತೆಗಳು. ಯಾಲ್ಟಾವನ್ನು ಎರಡು ವಾಕ್ಯಕ್ಕೆ ಇಳಿಸಿ, ಗೋವಾಲಿಯಾ ಟ್ಯಾಂಕ್ ನಿರ್ಣಯಕ್ಕೂ ಕೊರಿಯಾಕ್ಕೂ ಹೆಚ್ಚು ಸಮಯ ಕೊಡಲು ತೀರ್ಮಾನಿಸಿದ್ದೇನೆ. ನಿವೃತ್ತರೇ, ಒಂದು ಸಂದೇಹ ಉಳಿದಿದೆ: ಎಲ್ಲವೂ ಒಪ್ಪಿಗೆಯ ಮೇಲೆಯೇ ನಿಂತಿದ್ದರೆ, ಒಪ್ಪಿಗೆ ಕೊಟ್ಟವರು ಅದನ್ನು ಹಿಂತೆಗೆದುಕೊಂಡಾಗ ಪಡೆಯ ಗತಿಯೇನು?

ಖಡಕಿ ನಿವೃತ್ತ:

ಗಾಜಾದಲ್ಲಿ ಆದದ್ದೇ ಅದು. 1967ರ ಮೇ ತಿಂಗಳಲ್ಲಿ ಈಜಿಪ್ಟ್ ಹೊರಡಲು ಹೇಳಿತು, ಮಹಾಕಾರ್ಯದರ್ಶಿ ಊ ಥಾಂಟ್ ಪಡೆಯನ್ನು ಹಿಂದಕ್ಕೆ ಕರೆಸಲು ಒಪ್ಪಿದರು. ಹೊರಡುವ ಸಿದ್ಧತೆ ಇನ್ನೂ ಮುಗಿದಿರಲಿಲ್ಲ, ಜೂನ್ 5ರಂದು ಯುದ್ಧ ಸಿಡಿದು, ಅಲ್ಲಿ ಉಳಿದಿದ್ದ ಭಾರತೀಯ ಸೈನಿಕರಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಸೈಪ್ರಸ್‌ನಲ್ಲಿ ಬೇರೆಯೇ ಆಯಿತು. ತಿಮ್ಮಯ್ಯನವರು ಅಲ್ಲಿನ ಪಡೆಯ ದಂಡನಾಯಕರಾಗಿದ್ದು 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು, ಮರುವರ್ಷ ಆ ದೇಶ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. 1964ರಲ್ಲಿ ಹೋದ ಆ ಪಡೆಗೆ ಒಪ್ಪಿಗೆ ಇನ್ನೂ ನವೀಕರಣವಾಗುತ್ತಲೇ ಇದೆ, ವ್ಯಾಜ್ಯ ಮಾತ್ರ ಬಗೆಹರಿದಿಲ್ಲ. ಇವೆರಡರಲ್ಲಿ ಯಾವುದನ್ನು ಯಶಸ್ಸೆನ್ನಬೇಕು ಎಂದು ನಿಮ್ಮ ಸಭೆಯವರನ್ನೇ ಕೇಳಿ ನೋಡಿ. ಅವರು ಏನು ಹೇಳಿದರೆಂದು ಇಲ್ಲಿ ಬಂದು ಬರೆಯಿರಿ.